ತವರಿನ ಬಳುವಳಿ

ನಮ್ಮ ದೊಡ್ಡಮ್ಮ, ಚಿಕ್ಕಮ್ಮ ವಾರಗಿತ್ತಿಯರು. ಮೂವತ್ತು ವರ್ಷದಿಂದ ಒಂದೇ ಒಲೆಯ ಮುದ್ದೆ, ಒಂದೇ ಪಾತ್ರೆಯ ಸಾರು. ಹೋದ ಚಳಿಗಾಲದಲ್ಲಿ ಇಬ್ಬರಿಗೂ ಉಬ್ಬಸ ಕೆರಳಿತು. ಇಬ್ಬರಿಗೂ ಬರೆದುಕೊಟ್ಟಿದ್ದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ದಿನಕ್ಕೆ 40 ಮಿ.ಗ್ರಾಂ, ಬೆಳಿಗ್ಗೆ ತಿಂಡಿಯಾದ ಮೇಲೆ. ಚಿಕ್ಕಮ್ಮ ವಾರದೊಳಗೆ ಮಾಮೂಲಿಯಾದರು. ದೊಡ್ಡಮ್ಮನ ಉಬ್ಬಸವೂ ಇಳಿಯಿತು. ಆದರೆ ಚೊಂಬುಗಟ್ಟಲೆ ನೀರು ಕುಡಿದರೂ ನೀಗದ ದಾಹ, ರಾತ್ರಿ ಐದಾರು ಸಲ ಬಚ್ಚಲಿಗೆ ಓಡಾಟ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಟ್ಟು ಬಂದರು. ಸಕ್ಕರೆ 98. 'ನಾರ್ಮಲ್ ಇದೆಯಮ್ಮ, ಹೋಗಿ' ಅಂದರಂತೆ. ಅದೇ ದಿನ ಸಂಜೆ ನಾಲ್ಕಕ್ಕೆ ಪಕ್ಕದ ಮನೆಯ ಗ್ಲುಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಿದರೆ 312!

ಎರಡೂ ಅಂಕಿ ಸುಳ್ಳಲ್ಲ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನಿನ ಕಾವು ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಆರಿರುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯನ್ನೇ ನಂಬಿದರೆ ಕಳ್ಳ ಮನೆಗೆ ಹೋದ ಮೇಲೆ ಕಾವಲು ಕೂತ ಹಾಗೆ. ಸ್ಟೀರಾಯ್ಡ್ ಮೈಯಲ್ಲಿ ಮಾಡುವ ಕಿತಾಪತಿ ಮೂರು ಬಗೆಯದು. ಯಕೃತ್ತು ಹೆಚ್ಚು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಅದನ್ನು ಸರಿದೂಗಿಸಬೇಕಾದ, ಇನ್ಸುಲಿನ್ ಸ್ರವಿಸುವ ಮೇದೋಜೀರಕದ ಬೀಟಾ ಕೋಶಗಳೂ ಏದುಸಿರು ಬಿಡುತ್ತವೆ. ಗಟ್ಟಿ ಬೀಟಾ ಕೋಶಗಳಿದ್ದವರು ಹೇಗೋ ತಾಳಿಕೊಳ್ಳುತ್ತಾರೆ. ಮೊದಲೇ ಅಂಚಿನಲ್ಲಿದ್ದವರು ಜಾರುತ್ತಾರೆ.

ಆ ಅಂಚು ಎಲ್ಲಿಂದ ಬಂತು? ದೊಡ್ಡಮ್ಮನ ತಾಯಿಗೆ, ಇಬ್ಬರು ಅಣ್ಣಂದಿರಿಗೆ ಸಕ್ಕರೆ ಕಾಯಿಲೆ. ಚಿಕ್ಕಮ್ಮನ ತವರಿನಲ್ಲಿ ಯಾರಿಗೂ ಇಲ್ಲ. ವಯಸ್ಸು, ತೂಕಗಳ ಪಾಲೂ ಇದೆ ಎನ್ನಿ. ನಮ್ಮ ಮನೆಯ ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಈ ಅಂಚು ವಂಶದಿಂದ ಬರುತ್ತದೆಂಬ ಅನುಮಾನ ಹಳೆಯದು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದ್ದು 1948ರಲ್ಲಿ. ಆರೇ ವರ್ಷದಲ್ಲಿ, 1954ಕ್ಕೆ, ಮಿಷಿಗನ್ನಿನ ಸ್ಟೆಫಾನ್ ಫಾಯನ್ಸ್ ಮತ್ತು ಜೆರೋಮ್ ಕಾನ್ ಈ ಔಷಧವನ್ನೇ ಒರೆಗಲ್ಲು ಮಾಡಿಕೊಂಡರು. ಮಧುಮೇಹಿಗಳ ಬಂಧುಗಳಿಗೆ ಕಾರ್ಟಿಸೋನ್ ಕೊಟ್ಟು, ಗ್ಲುಕೋಸ್ ಕುಡಿಸಿ ರಕ್ತ ನೋಡಿದರು. ಮಾಮೂಲಿ ಪರೀಕ್ಷೆಯಲ್ಲಿ ಪಾಸಾಗಿದ್ದ ಬಂಧುಗಳಲ್ಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಇಲ್ಲಿ ಫೇಲಾದರು. ಮನೆತನದಲ್ಲಿ ಕಾಯಿಲೆ ಇಲ್ಲದವರಲ್ಲಿ ಅದು ತೀರಾ ಅಪರೂಪ.

ಮಧುಮೇಹಕ್ಕೆ ನಂಟಿರುವ ಒಂದು ಮುಖ್ಯ ವಂಶವಾಹಿಯ ಹೆಸರು ತಿಳಿಯಲು ಮತ್ತೆ ಅರ್ಧ ಶತಮಾನ ಬೇಕಾಯಿತು. 2006ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಟಿಸಿಎಫ್7ಎಲ್2 ಎಂಬುದನ್ನು ಹಿಡಿದರು. ಇನ್ಸುಲಿನ್ ಸ್ರವಿಸುವ ಶಕ್ತಿಗೆ ನಂಟಿರುವ ವಂಶವಾಹಿ ಇದು. ಭಾರತೀಯರಲ್ಲೂ ಇದರ ಸಂಬಂಧ ಕಂಡಿದೆ. ಆದರೆ ಇದರ ಅಪಾಯದ ಒಂದು ಪ್ರತಿ ಮಧುಮೇಹದ ಸಾಧ್ಯತೆಯನ್ನು ಏರಿಸುವುದು ಸುಮಾರು 1.4 ಪಟ್ಟು ಅಷ್ಟೆ. ಇಂಥವು ನೂರಾರಿವೆ. ಹಾಗಾಗಿ ಸಾವಿರಾರು ರೂಪಾಯಿಯ ಜೀನ್ ಟೆಸ್ಟಿಗಿಂತ 'ನಿಮ್ಮ ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ' ಎಂಬ ಪುಕ್ಕಟೆ ಪ್ರಶ್ನೆಯ ಮೇಲೇ ನನಗೆ ಭರವಸೆ. ದೊಡ್ಡಮ್ಮನನ್ನು ಯಾರೂ ಅದನ್ನು ಕೇಳಿರಲಿಲ್ಲ.

312 ಕಂಡ ಗಾಬರಿಗೆ ಪಕ್ಕದ ಮನೆಯಾಕೆ 'ಇವತ್ತೇ ಮಾತ್ರೆ ಬಿಡಿ' ಅಂದರು. ಅದು ಇನ್ನೊಂದು ಗಂಡಾಂತರ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ನಮ್ಮ ಅಡ್ರಿನಲ್ ಗ್ರಂಥಿ ಸೋಮಾರಿಯಾಗುತ್ತದೆ. ಕೆಲವು ವಾರ ನುಂಗಿದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಡಾಕ್ಟರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು; ಅಲ್ಲಿಯವರೆಗೆ ಬೆಳಿಗ್ಗೆ ಒಂದು ಇನ್ಸುಲಿನ್ ಇಂಜೆಕ್ಷನ್. ದೊಡ್ಡಮ್ಮ ದಿನಾ ಸಂಜೆ ನಾಲ್ಕರ ಅಂಕಿಯನ್ನು ಕ್ಯಾಲೆಂಡರಿನ ಹಿಂಬದಿ ಬರೆದರು: 280, 241, 190, 152. 'ತವರಿಂದ ಬಂಗಾರದ ಜೊತೆ ಇದೂ ಬಂದಿತ್ತು ನೋಡು' ಅಂತ ನಗು ಬೇರೆ.

ಕಳೆದ ತಿಂಗಳು ಅವರ ಮಗಳು ಭುಜ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಕೀಲಿಗೆ ಸ್ಟೀರಾಯ್ಡ್ ಚುಚ್ಚಬೇಕು ಅಂದರಂತೆ. ಅದಕ್ಕೂ ನಾಲ್ಕಾರು ದಿನ ಸಕ್ಕರೆ ಏರುವುದುಂಟು. ಇವಳು ತೋಳು ಮಡಿಸುವ ಮೊದಲೇ ಬ್ಯಾಗಿನಿಂದ ಆ ಹಳೆ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳಂತೆ: 'ಸರ್, ಇದು ನಮ್ಮಮ್ಮಂದು.'