ಪರದೇಶಕ್ಕೆ ಹೋಗುವ ಬೆಳೆಯೂ ಸುಂಕದ ಮುಂಗಡ ವರದಿಯೂ

ಹಿಂದಿನ ಕಾಲದಲ್ಲಿ ಸುಂಕದ ಕಟ್ಟೆಯೆಂದರೆ ದಾರಿಯಲ್ಲಿ ಗಾಡಿಯನ್ನು ತಡೆದು ಮೂಟೆ ಬಿಚ್ಚಿಸಿ ನೋಡುವ ಸ್ಥಳವಾಗಿತ್ತು. ಈಗಿನ ಕಟ್ಟೆಯಾದರೋ ಸರಕು ಹಡಗನ್ನೇರುವುದಕ್ಕೆ ಮೊದಲೇ, ಸಾವಿರಾರು ಮೈಲಿಗಳಾಚೆಯಿಂದ, ಗಣಕಯಂತ್ರದ ಮೂಲಕ ಮೂಟೆಯ ವಿವರವನ್ನು ಕೇಳುತ್ತದೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ನಾಟಕದ್ದು. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿ ದೇಶಗಳು ಮುಖ್ಯವಾದವು. ಬಯಲು ಸೀಮೆಯ ಮಿಡಿಸೌತೆಯೂ ಐರೋಪ್ಯ ದೇಶಗಳಿಗೆ ಹೋಗುತ್ತಲಿದೆ. ಆದಕಾರಣ ಈ ವಿಷಯವು ಬಂದರಿನ ವರ್ತಕರಿಗೆ ಮಾತ್ರ ಸೇರಿದ್ದೆಂದು ಭೂಮಾಲೀಕರೂ ಗ್ರಾಮದ ಮುಖಂಡರೂ ಉದಾಸೀನರಾಗಿರತಕ್ಕದ್ದಲ್ಲ.

ಬೆಳೆಗಾರನಾಗಲಿ, ಬೆಳೆಗಾರರ ಸಂಘವಾಗಲಿ ಹಡಗು ಕಂಪೆನಿಯೊಡನೆ ನೇರವಾಗಿ ವ್ಯವಹರಿಸುವುದು ಅಪೂರ್ವ. ನಡುವೆ ಫಾರ್ವರ್ಡಿಂಗ್ ಏಜೆಂಟರಿರುತ್ತಾರೆ. ಇವರು ಹಲವರ ಸರಕನ್ನು ಕೂಡಿಸಿ, ಹಡಗಿನಲ್ಲಿ ಸ್ಥಳ ಗೊತ್ತುಮಾಡಿ, ಪ್ರತಿಯೊಬ್ಬ ಸರಕುದಾರನಿಗೂ ತಮ್ಮದೇ ಆದ ಸಾಗಣೆಪತ್ರವನ್ನು ಬರೆದುಕೊಡುತ್ತಾರೆ. ಇದಕ್ಕೆ ಹೌಸ್ ಬಿಲ್ ಎಂದು ಹೆಸರು. ಹಡಗು ಕಂಪೆನಿಯವರು ಏಜೆಂಟರಿಗೆ ಬರೆದುಕೊಡುವುದು ಮಾಸ್ಟರ್ ಬಿಲ್. ಸಂತೆಗೆ ಹೊರಟ ಒಂದು ಗಾಡಿಯಲ್ಲಿ ಐದು ಜನ ರೈತರ ಮೂಟೆಗಳಿದ್ದು, ಕಟ್ಟೆಯಲ್ಲಿ ಗಾಡಿಯವನ ಹೆಸರೊಂದನ್ನೇ ಬರೆಸಿದರೆ, ಮೂಟೆ ಯಾರದು, ಕೊಳ್ಳುವವರು ಯಾರು ಎಂಬುದು ತಿಳಿಯುವುದಿಲ್ಲವಷ್ಟೆ. ಮಾಸ್ಟರ್ ಬಿಲ್ಲಿನ ಸ್ಥಿತಿಯೂ ಇದೇ. ಏಜೆಂಟರು ತಮ್ಮ ಗಿರಾಕಿಗಳ ಹೆಸರನ್ನು ಹಡಗಿನವರಿಗೆ ತಿಳಿಸಲು ಹಿಂಜರಿಯುವುದೂ ಉಂಟು. ಗಿರಾಕಿಯು ಕೈತಪ್ಪಿಹೋದಾನೆಂಬ ಅಂಜಿಕೆ. ಈ ಅಂಜಿಕೆಯನ್ನು ತಪ್ಪೆನ್ನಲಾಗದು.

ಅಮೆರಿಕಾ ದೇಶದವರು ೨೦೦೧ರ ಸೆಪ್ಟೆಂಬರ್ ತಿಂಗಳ ದಾಳಿಯ ತರುವಾಯ, ಕಂಟೇನರನ್ನು ಪರದೇಶದ ಬಂದರಿನಲ್ಲಿ ಹಡಗಿಗೆ ಏರಿಸುವುದಕ್ಕೆ ೨೪ ಗಂಟೆ ಮುಂಚಿತವಾಗಿ ವಿವರವನ್ನೊಪ್ಪಿಸಬೇಕೆಂದು ೨೦೦೨ರಲ್ಲಿ ನಿಯಮ ಮಾಡಿದರು. ಐರೋಪ್ಯ ಒಕ್ಕೂಟದ ೨೭ ರಾಜ್ಯಗಳಲ್ಲಿಯೂ ಇಂತಹುದೇ ನಿಯಮವಿದ್ದು, ಐಸಿಎಸ್-೨ ಎಂಬ ಹೊಸ ಏರ್ಪಾಡು ೨೦೨೧ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಇದು ಹಡಗಿನ ಸರಕಿಗೆ ೨೦೨೪ರ ಜೂನ್ ತಿಂಗಳಿನಿಂದಲೂ, ಹೌಸ್ ಬಿಲ್ ಬರೆಯುವ ಏಜೆಂಟರಿಗೆ ಅದೇ ವರ್ಷದ ಡಿಸೆಂಬರಿನಿಂದಲೂ ಅನ್ವಯಿಸಿತು. ಏಜೆಂಟರು ತಮ್ಮಲ್ಲಿರುವ ವಿವರವನ್ನು ಹಡಗಿನವರಿಗೆ ಕೊಡಬೇಕು. ಅದು ಮನಸ್ಸಿಗೆ ಬಾರದಿದ್ದರೆ ತಾವೇ ಒಕ್ಕೂಟದ ಸುಂಕದ ಇಲಾಖೆಗೆ ಒಪ್ಪಿಸಬೇಕು.

ಮಾರುವವರ ಮತ್ತು ಕೊಳ್ಳುವವರ ಪೂರ್ಣ ಹೆಸರು, ವಿಳಾಸ, ಮೂಟೆಗಳ ಸಂಖ್ಯೆ, ತೂಕ, ಸರಕಿನ ಆರಂಕಿಯ ಸುಂಕಸಂಖ್ಯೆ ಇವೆಲ್ಲವೂ ವರದಿಯಲ್ಲಿ ಇರತಕ್ಕದ್ದು. ತೊಡಕು ಹೆಚ್ಚಾಗಿ ಹುಟ್ಟುವುದು ಸರಕಿನ ವರ್ಣನೆಯಲ್ಲಿ. “ಕೃಷಿ ಉತ್ಪನ್ನ”, “ಆಹಾರ ಪದಾರ್ಥ” ಎಂದು ಬರೆದರೆ ಸಾಲದು. ಹುರಿಯದ, ಕೆಫೀನ್ ತೆಗೆಯದ ಕಾಫಿಬೀಜ ಎಂದು ಬರೆದು ೦೯೦೧೧೧ ಎಂಬ ಸಂಖ್ಯೆಯನ್ನು ಕಾಣಿಸಬೇಕು. ಮಿಡಿಸೌತೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಒಂದೇ ಹೊಲದ ಕಾಯಿಯಾದರೂ, ಕೆಡದಂತೆ ತಾತ್ಕಾಲಿಕವಾಗಿ ಉಪ್ಪುನೀರಿನಲ್ಲಿ ಇಟ್ಟು ಪೀಪಾಯಿಗಳಲ್ಲಿ ಕಳುಹಿಸಿದರೆ ಅದರ ಸಂಖ್ಯೆ ೦೭೧೧೪೦; ಹುಳಿರಸದಲ್ಲಿ ಹಾಕಿ ಸೀಸೆಗೆ ತುಂಬಿದರೆ ೨೦೦೧೧೦. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯುಂಟು. ಆ ಸುಂಕದವನಿಗಾದರೂ ಕಿವಿಯಿತ್ತು, ಯಂತ್ರಕ್ಕೆ ಅದೂ ಇಲ್ಲ.

ವಿವರವು ಅಪೂರ್ಣವಾಗಿದ್ದರೆ ಒಕ್ಕೂಟದ ಅಧಿಕಾರಿಗಳು ಹೆಚ್ಚಿನ ಮಾಹಿತಿಯನ್ನು ಕೇಳುವರು. ಅಪಾಯದ ಶಂಕೆಯಿದ್ದಲ್ಲಿ ಹಡಗಿಗೆ ಏರಿಸಕೂಡದೆಂದು ಆಜ್ಞೆ ಮಾಡುವರು. ಹೊಸ ಮಂಗಳೂರಿನಿಂದ ಸಣ್ಣ ಹಡಗಿನಲ್ಲಿ ಕೊಲಂಬೋಗೆ ಹೋಗಿ ಅಲ್ಲಿ ದೊಡ್ಡ ಹಡಗನ್ನೇರುವ ಸರಕಿಗೆ, ಕಾಯಿದೆಯ ೨೪ ಗಂಟೆಯ ಗಡುವು ಆ ದೊಡ್ಡ ಹಡಗಿನ ಲೆಕ್ಕದಲ್ಲಿದ್ದರೂ, ವಿವರವನ್ನು ಮಂಗಳೂರಿನಲ್ಲಿಯೇ ಸಿದ್ಧಮಾಡಿಕೊಡುವುದು ಕ್ಷೇಮ. ೬೦ ಕಿಲೋಗ್ರಾಂ ತೂಗುವ ೩೨೦ ಚೀಲಗಳು, ಅಂದರೆ ೧೯,೨೦೦ ಕಿಲೋಗ್ರಾಂ ಕಾಫಿ, ಒಂದು ಕಂಟೇನರಿನಲ್ಲಿ ಹಿಡಿಯುತ್ತದೆ. ಅಷ್ಟು ಸರಕು ನಡುದಾರಿಯ ಬಂದರಿನಲ್ಲಿ ನಿಂತರೆ ಬಾಡಿಗೆ ಏರುವುದಲ್ಲದೆ, ಬ್ಯಾಂಕಿನ ಸಾಲಪತ್ರದಲ್ಲಿ ಕಂಡ ತಾರೀಖು ಮೀರಿ, ಕೊಳ್ಳುವವನು ಬೆಲೆ ತಗ್ಗಿಸಲು ನೆಪವೂ ಸಿಕ್ಕೀತು.

ಭಾರತದ ಸುಂಕದ ಇಲಾಖೆಯ ಕಡೆಗೂ ಲಕ್ಷ್ಯವಿರಬೇಕು. ೧೯೬೨ರ ಸುಂಕದ ಕಾಯಿದೆಯ ೫೦ನೆಯ ಕಲಮಿನ ಪ್ರಕಾರ ಷಿಪ್ಪಿಂಗ್ ಬಿಲ್ಲನ್ನು ಐಸ್‌ಗೇಟ್ ಮೂಲಕ ಒಪ್ಪಿಸುವುದು ರೂಢಿಯಲ್ಲಿದೆ. ಐಜಿಎಸ್‌ಟಿ ತೆತ್ತು ರಫ್ತು ಮಾಡಿದ ಸರಕಿಗೆ ಆ ಬಿಲ್ಲೇ ತೆರಿಗೆ ವಾಪಸಿನ ಅರ್ಜಿಯೆಂದು ಎಣಿಸಲ್ಪಡುತ್ತದೆ. ಆದರೆ ಹಡಗು ಹೊರಟ ವರದಿಯು ದಾಖಲಾಗಿ ಎರಡೂ ಹೊಂದಿಕೊಂಡ ಹೊರತು ಹಣ ಬರುವುದಿಲ್ಲ. ಕಂಟೇನರಿನ ಸಂಖ್ಯೆಯಲ್ಲಿ ಒಂದಂಕಿ ಹೆಚ್ಚುಕಡಮೆಯಾದರೂ ತಿಂಗಳುಗಟ್ಟಲೆ ಓಡಾಟ.

ಸಂಘಗಳವರು ಏಜೆಂಟರೊಡನೆ ಕರಾರು ಮಾಡುವಾಗಲೇ, ಐರೋಪ್ಯ ವರದಿಯನ್ನು ಹಡಗಿನವರು ಒಪ್ಪಿಸುವರೋ ಏಜೆಂಟರೇ ಒಪ್ಪಿಸುವರೋ ಎಂಬುದನ್ನೂ, ತಪ್ಪಾದರೆ ಬಂದರಿನ ಬಾಡಿಗೆ ಯಾರ ಮೇಲೆ ಎಂಬುದನ್ನೂ ಬರವಣಿಗೆಯಲ್ಲಿ ಮಾಡಿಕೊಳ್ಳತಕ್ಕದ್ದು. ವರದಿ ದಾಖಲಾದೊಡನೆ ಒಪ್ಪಿಸಿದವರಿಗೆ ಎಂಆರ್‌ಎನ್ ಎಂಬ ಸಂಖ್ಯೆ ಬರುತ್ತದೆ. ಸರಕು ಮಂಗಳೂರು ಬಿಡುವ ಮುನ್ನ ಅದನ್ನು ಕೇಳಿ ಪಡೆದು, ಲೆಕ್ಕದ ಪುಸ್ತಕದಲ್ಲಿ ಆಯಾ ಇನ್‌ವಾಯ್ಸಿನ ಎದುರಿಗೆ ಬರೆದಿಡುವುದು.