ಎರಡು ನೋಡ್, ಒಂದೇ ಸೂರು

ಕ್ಲಸ್ಟರ್ ಕಟ್ಟಿ ಮುಗಿಸಿದ ದಿನ ಸರ್ವರ್ ರೂಮಿನಲ್ಲಿ ಒಂದು ಪ್ರದರ್ಶನ ಇದ್ದೇ ಇರುತ್ತದೆ. ಒಂದು ನೋಡ್‌ನ ಪವರ್ ಕೇಬಲ್ ಕಿತ್ತು, ಅದರ ಮೇಲಿದ್ದ ವರ್ಚುವಲ್ ಮಷಿನ್‌ಗಳು ಪಕ್ಕದ ನೋಡ್‌ನಲ್ಲಿ ಮತ್ತೆ ಏಳುವುದನ್ನು ಮ್ಯಾನೇಜರಿಗೆ ತೋರಿಸುವುದು. ಅವರು ಖುಷಿಯಾಗಿ ಕೇಳುತ್ತಾರೆ: “ಹಾಗಾದ್ರೆ ಡಿಆರ್ ಆಯ್ತಲ್ಲ?” ಡಿಆರ್ (ಡಿಸಾಸ್ಟರ್ ರಿಕವರಿ, ಅನಾಹುತದ ನಂತರ ಮತ್ತೆ ಏಳುವ ವ್ಯವಸ್ಥೆ) ಬಗೆಗಿನ ತಪ್ಪು ಕಲ್ಪನೆಗಳ ಸರಣಿ ಶುರುವಾಗುವುದು ಅಲ್ಲಿಂದಲೇ.

ಕಲ್ಪನೆ: ಕ್ಲಸ್ಟರ್ ಇದ್ದ ಮೇಲೆ ಡಿಆರ್ ಬೇಕಿಲ್ಲ.

ಒಂದು ಯಂತ್ರ ಸತ್ತರೆ ಕ್ಲಸ್ಟರ್ ಕಾಪಾಡುತ್ತದೆ. ಕಟ್ಟಡವೇ ಹೋದರೆ? ಬಹಳ ಕಡೆ ಎರಡೂ ನೋಡ್‌ಗಳು ಒಂದೇ ರ‍್ಯಾಕ್‌ನಲ್ಲಿ, ಒಂದೇ ಯುಪಿಎಸ್ ಕೆಳಗೆ, ಒಂದೇ ಸ್ಟೋರೇಜ್ ನಂಬಿಕೊಂಡು ಕೂತಿರುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಇಡೀ ಸುಟ್ಟುಹೋಯಿತು, ಪಕ್ಕದ್ದಕ್ಕೂ ಬೆಂಕಿ ತಗುಲಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಇಲ್ಲವಾದವು.

ಕಲ್ಪನೆ: ಪ್ರತಿ ನೋಡ್‌ಗೆ ಹೋಗಿ ರೆಪ್ಲಿಕೇಷನ್ ಆನ್ ಮಾಡಿದರೆ ಕೆಲಸ ಮುಗಿಯಿತು.

ಡಿಆರ್ ಸಾಫ್ಟ್‌ವೇರನ್ನು ಕ್ಲಸ್ಟರ್ ಮೇಲೆ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ. ವಿಂಡೋಸ್ ಸರ್ವರ್ 2012ರಲ್ಲಿ ಬಂದ, ವರ್ಚುವಲ್ ಮಷಿನ್‌ನ ಪ್ರತಿಯನ್ನು ಇನ್ನೊಂದು ಜಾಗದಲ್ಲಿ ತಾಜಾ ಇಡುವ ಹೈಪರ್-ವಿ ರೆಪ್ಲಿಕಾವನ್ನೇ ನೋಡಿ. ಕ್ಲಸ್ಟರಿನಲ್ಲಿ ವರ್ಚುವಲ್ ಮಷಿನ್‌ಗೆ ಖಾಯಂ ವಿಳಾಸ ಇಲ್ಲ. ಇವತ್ತು ಈ ನೋಡ್, ನಾಳೆ ಆ ನೋಡ್. ಹಾಗಾಗಿ ರೆಪ್ಲಿಕಾ ಬ್ರೋಕರ್ ಎಂಬ ರೋಲನ್ನು ಕ್ಲಸ್ಟರಿಗೆ ಸೇರಿಸಿ, ಅದಕ್ಕೆ ತನ್ನದೇ ಹೆಸರು, ಐಪಿ ಕೊಡಬೇಕು. ಆಚೆ ಕಡೆಯವರು ಆ ಹೆಸರನ್ನೇ ಹಿಡಿದು ಬರುತ್ತಾರೆ. ಮಷಿನ್ ಸದ್ಯ ಯಾರ ಮನೆಯಲ್ಲಿದೆ ಎಂದು ಹೇಳುವುದು ಬ್ರೋಕರಿನ ಕೆಲಸ. ಎರಡೂ ಕಡೆ ಕ್ಲಸ್ಟರ್ ಇದ್ದರೆ ಬ್ರೋಕರ್ ಕೂಡ ಎರಡು ಬೇಕು. ಬ್ರೋಕರ್ ಆನ್‌ಲೈನ್ ಬರದೆ ಸತಾಯಿಸಿದರೆ ಮೊದಲು ಆಕ್ಟಿವ್ ಡೈರೆಕ್ಟರಿ ನೋಡಿ: ಅಲ್ಲಿ ಹೊಸ ಕಂಪ್ಯೂಟರ್ ಖಾತೆ ತೆರೆಯಲು ಕ್ಲಸ್ಟರಿನ ಖಾತೆಗೆ ಹೆಚ್ಚಾಗಿ ಅನುಮತಿ ಕೊಟ್ಟಿರುವುದೇ ಇಲ್ಲ.

ಪ್ರತಿ ನೋಡ್‌ನಲ್ಲೂ ಮಾಡಲೇಬೇಕಾದ ಒಂದು ಕೆಲಸವೂ ಇದೆ, ಫೈರ್‌ವಾಲ್ ರೂಲ್. ಕೆರ್ಬೆರೋಸ್ ದೃಢೀಕರಣವಾದರೆ ಸಾಮಾನ್ಯವಾಗಿ ಪೋರ್ಟ್ 80, ಸರ್ಟಿಫಿಕೇಟ್ ಆದರೆ 443. ರೆಪ್ಲಿಕಾ ಆನ್ ಮಾಡಿದ ಮಾತ್ರಕ್ಕೆ ಈ ರೂಲ್ ತಾನಾಗಿ ತೆರೆದುಕೊಳ್ಳುವುದಿಲ್ಲ. ನಾನು ಕಂಡ ಒಂದು ಕಡೆ ಮೂರು ನೋಡ್‌ಗಳಲ್ಲಿ ಎರಡಕ್ಕೆ ಮಾತ್ರ ಹಾಕಿದ್ದರು. ತಿಂಗಳುಗಟ್ಟಲೆ ಎಲ್ಲ ಹಸಿರು. ಪ್ಯಾಚ್ ಹಾಕಲು ಮಷಿನ್‌ಗಳನ್ನು ಮೂರನೆಯದಕ್ಕೆ ಸರಿಸಿದ ರಾತ್ರಿ ರೆಪ್ಲಿಕೇಷನ್ ನಿಂತಿತು.

ಕಲ್ಪನೆ: ರೆಪ್ಲಿಕಾ ಇದ್ದರೆ ಬ್ಯಾಕಪ್ ಇದ್ದಂತೆ.

ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅದೂ ಅಂತರವನ್ನು ಹಾಗೆ ಆರಿಸಿದ್ದರೆ 30 ಸೆಕೆಂಡಿನಲ್ಲೇ. ರ‍್ಯಾನ್ಸಮ್‌ವೇರ್ ಬೀಗ ಹಾಕಿದ ಫೈಲೂ ನಿಷ್ಠೆಯಿಂದ ದಾಟಿಹೋಗುತ್ತದೆ. ಗಂಟೆಗೊಂದರಂತೆ 24 ರಿಕವರಿ ಪಾಯಿಂಟ್‌ವರೆಗೆ ಇಡಬಹುದು ನಿಜ, ಆದರೆ ಅದನ್ನು ನಾವೇ ಆರಿಸಬೇಕು. ಸುಮ್ಮನೆ ಬಿಟ್ಟರೆ ಇತ್ತೀಚಿನದೊಂದೇ ಉಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಕೆಟ್ಟ ರೆಪ್ಲಿಕೇಷನ್ ಸರಿಮಾಡಲು ಕೂತು, ಎರಡನೇ ಸರ್ವರಿನ ಡೇಟಾ ಎಂದುಕೊಂಡು ಮುಖ್ಯ ಸರ್ವರಿನದನ್ನೇ ಅಳಿಸಿದರು. ಹೋಗಿದ್ದು ಸುಮಾರು 300 ಜಿಬಿ. ದಿನವೂ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ ಎಂಬುದು ಆಗ ಬಯಲಾಯಿತು. ಆಕಸ್ಮಿಕವಾಗಿ ಸಿಕ್ಕಿದ ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಮಾನ ಉಳಿಸಿತು.

ಕಲ್ಪನೆ: ದುಡ್ಡು ಸುರಿದರೆ ಒಂದು ಬೈಟೂ ನಷ್ಟವಾಗದು.

ದೂರ ಕೇಳಬೇಕಲ್ಲ! ಏನೂ ನಷ್ಟವಾಗಬಾರದೆಂದರೆ ಪ್ರತಿ ಬರಹವೂ ಆಚೆ ಕಡೆ ತಲುಪಿತೆಂಬ ಉತ್ತರಕ್ಕೆ ಕಾಯಬೇಕು; ಇದೇ ಸಿಂಕ್ರೊನಸ್ ವಿಧಾನ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ನೇರ ಗೆರೆ ಎಳೆದರೂ 800 ಕಿ.ಮೀ. ಮೀರುತ್ತದೆ, ಅಂದರೆ ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡ್. ಮೈಕ್ರೋಸಾಫ್ಟ್‌ನ ಸ್ಟೋರೇಜ್ ರೆಪ್ಲಿಕಾದಲ್ಲಿ ಸಿಂಕ್ರೊನಸ್ ವಿಧಾನಕ್ಕೆ ಸೂಚಿಸಿರುವುದು ಸರಾಸರಿ 5 ಮಿಲಿಸೆಕೆಂಡ್ ಮೀರದಿರಲೆಂದು. ದೂರ ಹೋದಷ್ಟೂ ಉತ್ತರಕ್ಕೆ ಕಾಯದ ಅಸಿಂಕ್ರೊನಸ್ಸೇ ಗತಿ. ಎಷ್ಟು ನಿಮಿಷದ ಡೇಟಾ ಹೋದರೆ ತಡೆದುಕೊಳ್ಳಬಲ್ಲಿರಿ ಎಂಬುದನ್ನು ಅಕೌಂಟ್ಸ್ ವಿಭಾಗದವರನ್ನೇ ಕೇಳಿ. ಐಟಿಯವರು ಊಹಿಸುವ ಸಂಗತಿ ಅಲ್ಲ ಇದು.

ಕಲ್ಪನೆ: ಅನಾಹುತವಾದರೆ ಡಿಆರ್ ತಾನಾಗಿಯೇ ಏಳುತ್ತದೆ.

ಕ್ಲಸ್ಟರಿನೊಳಗೆ ಹೌದು, ಏಕೆಂದರೆ ಅಲ್ಲಿ ಕ್ವೋರಂ ಮತ ಎಣಿಸಿ ಒಬ್ಬರೇ ಯಜಮಾನರಿರುವಂತೆ ನೋಡಿಕೊಳ್ಳುತ್ತದೆ. ಹೈಪರ್-ವಿ ರೆಪ್ಲಿಕಾದಲ್ಲಿ ಫೇಲೋವರ್ ಬಟನ್ ಒತ್ತಬೇಕಾದವರು ಮನುಷ್ಯರೇ. ನನ್ನ ಮಟ್ಟಿಗೆ ಇದು ಒಳ್ಳೆಯದೇ. ನಡುವಿನ ಲಿಂಕ್ ಮಾತ್ರ ಕಡಿದಾಗ ಎರಡೂ ಕಡೆ ಎದ್ದು ಒಂದೇ ಬಿಲ್ ನಂಬರನ್ನು ಇಬ್ಬರಿಗೆ ಕೊಟ್ಟರೆ ಅದನ್ನು ಬಿಡಿಸುವ ಪಾಡು ಯಾರಿಗೂ ಬೇಡ. ಆದರೆ ಒತ್ತುವವರ ಹೆಸರು, ಅವರು ಊರಲ್ಲಿಲ್ಲದಿದ್ದರೆ ಯಾರು ಎಂಬುದು ಮೊದಲೇ ಬರೆದಿರಬೇಕು.

ಈ ಶನಿವಾರ ಒಂದು ಮಷಿನ್ ಆರಿಸಿ ಟೆಸ್ಟ್ ಫೇಲೋವರ್ ಮಾಡಿ. ಹೆಸರಿನ ಕೊನೆಗೆ ‘ಟೆಸ್ಟ್’ ಎಂಬ ಬಾಲ ಹೊತ್ತ ಒಂದು ಪ್ರತಿ ಡಿಆರ್ ಕಡೆ ಎದ್ದು ನಿಲ್ಲುತ್ತದೆ; ನಡೆಯುತ್ತಿರುವ ಕೆಲಸಕ್ಕೆ ಧಕ್ಕೆಯಿಲ್ಲ. ಅದನ್ನು ಪ್ರತ್ಯೇಕ ಟೆಸ್ಟ್ ನೆಟ್‌ವರ್ಕಿಗೆ ಸೇರಿಸಿ, ಅಪ್ಲಿಕೇಷನ್ ತೆರೆದು ನೋಡಿ, ಎಷ್ಟು ಹೊತ್ತಾಯಿತೆಂದು ಬರೆದಿಡಿ. ಆ ನೆಟ್‌ವರ್ಕಿನಲ್ಲಿ ಡೊಮೇನ್ ಕಂಟ್ರೋಲರಿನದೂ ಒಂದು ಪ್ರತಿ ಇರಲಿ, ಇಲ್ಲವಾದರೆ ಲಾಗಿನ್ ಪರದೆ ದಾಟುವುದೇ ಕಷ್ಟ.