ಹುಣಸೆ ಬೀಜದಿಂದ ಲೆಕ್ಕ ಕಲಿಸೋಣ



ವಿದ್ಯಾರ್ಥಿವೇತನದ ಅರ್ಜಿ ಕೊಡಲು ಬರುವ ತಾಯಂದಿರ ಜೊತೆ ಎಷ್ಟೋ ಸಲ ಒಂದು ಪುಟ್ಟ ಮಗುವೂ ಬಂದಿರುತ್ತದೆ. ಅರ್ಜಿ ಹೈಸ್ಕೂಲಿನ ಅಕ್ಕನದು. ಈ ಲೇಖನ ಆ ಪುಟ್ಟ ಮಗುವಿಗಾಗಿ.

ನಾನು ಒಂದನೇ ತರಗತಿಗೆ ಪಾಠ ಮಾಡುತ್ತಿದ್ದ ಕಾಲದ ಮಾತು. ಒಬ್ಬ ಹುಡುಗಿ ಒಂದರಿಂದ ನೂರರವರೆಗೆ ತಡವರಿಸದೆ ಹೇಳುತ್ತಿದ್ದಳು. ಒಂದು ದಿನ "ಆರು ಸೀಮೆಸುಣ್ಣ ತಗೊಂಡು ಬಾಮ್ಮ" ಎಂದೆ. ಕೈತುಂಬ ತಂದಳು. ಗದರಿಸಿ, ಸ್ಲೇಟಿನ ಮೇಲೆ ಮತ್ತೆ ನೂರರವರೆಗೆ ಬರೆಸಿದೆ. ತಪ್ಪು ನನ್ನದೇ. ಅವಳಿಗೆ ಸಂಖ್ಯೆಗಳ ಹೆಸರು ಬಾಯಿಪಾಠವಾಗಿತ್ತು, ಎಣಿಸಲು ಬರುತ್ತಿರಲಿಲ್ಲ. ಇದು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು.

ಎಣಿಕೆಯಲ್ಲಿ ಮೂರು ಕೆಲಸಗಳಿವೆ. ಹೆಸರುಗಳನ್ನು ಕ್ರಮವಾಗಿ ಹೇಳಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಕೊಡಬೇಕು. ಕೊನೆಗೆ ಹೇಳಿದ ಹೆಸರೇ ಒಟ್ಟು ಎಂದು ತಿಳಿಯಬೇಕು. ಈ ಮೂರೂ ಕೂಡಿಬರದ ಮಗುವಿಗೆ ಮುಂದೆ ಕೂಡುವ, ಕಳೆಯುವ ಲೆಕ್ಕ ಬರೀ ಗೀಚಾಟವಾಗುತ್ತದೆ. ಮೂರರಿಂದ ಆರು ವರ್ಷದೊಳಗೆ ಇವನ್ನು ಮನೆಯಲ್ಲೇ ಆಟವಾಡಿಸುತ್ತ ಕಲಿಸಬಹುದು.

ತಟ್ಟೆ ಇಡುವ ಆಟ: ಊಟದ ಹೊತ್ತಿಗೆ ಮಗುವಿನ ಕೈಯಲ್ಲಿ ತಟ್ಟೆ ಕೊಡಿ. "ಅಜ್ಜಿಗೊಂದು, ಅಪ್ಪನಿಗೊಂದು" ಎಂದು ಇಡಲಿ. ಒಬ್ಬರಿಗೆ ಒಂದು ಎಂಬುದು ಕೈಗೆ ರೂಢಿಯಾಗುತ್ತದೆ.

ಮುಚ್ಚಿಡುವ ಆಟ: ಐದು ಹುಣಸೆ ಬೀಜಗಳನ್ನು ಮಗು ಮುಟ್ಟಿ ಮುಟ್ಟಿ ಎಣಿಸಲಿ. ಕೂಡಲೇ ಬಟ್ಟಲು ಮುಚ್ಚಿ "ಎಷ್ಟಿವೆ?" ಎಂದು ಕೇಳಿ. "ಐದು" ಎಂದರೆ ಮೂರನೆಯ ಕೆಲಸವೂ ಬಂದಂತೆ. ಗೊತ್ತಾಗದಿದ್ದರೆ ಬಯ್ಯಬೇಡಿ, ಮೂರು ಬೀಜಕ್ಕೆ ಇಳಿಸಿ ಆಡಿ. ಕಲಿತ ಮೇಲೆ ಎರಡನ್ನು ಹೊರಗಿಟ್ಟು, ಒಳಗೆಷ್ಟು ಉಳಿದವು ಎಂದು ಕೇಳಿ. ಕಳೆಯುವ ಲೆಕ್ಕ ಅಲ್ಲಿಂದಲೇ ಶುರು.

ಹತ್ತು ಮನೆಯ ಆಟ: ನೆಲದ ಮೇಲೆ ಸಾಲಾಗಿ ಹತ್ತು ಮನೆ ಬರೆದು 1ರಿಂದ 10 ಅಂಕಿ ಹಾಕಿ. ಚೌಕಾಬಾರಕ್ಕೆ ಮಾಡುವಂತೆ ಎರಡು ಹುಣಸೆ ಬೀಜಗಳ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಎಷ್ಟು ಬಿಳಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ಇಲ್ಲೊಂದು ಗುಟ್ಟಿದೆ: ನಾಲ್ಕನೇ ಮನೆಯಲ್ಲಿರುವ ಮಗುವಿಗೆ ಎರಡು ಬಿದ್ದರೆ "ಒಂದು, ಎರಡು" ಎನ್ನಿಸಬೇಡಿ, ಮನೆಯ ಅಂಕಿಯನ್ನೇ "ಐದು, ಆರು" ಎಂದು ಹೇಳಿಸಿ. ಅಮೆರಿಕದ ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು ಬಡ ಕುಟುಂಬಗಳ ಮಕ್ಕಳಿಗೆ ಇಂಥದೇ ಆಟವನ್ನು, ತಲಾ ಹದಿನೈದು ನಿಮಿಷದಂತೆ ನಾಲ್ಕು ಸಲ ಆಡಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತ್ತು. ಅಂಕಿಯ ಬದಲು ಬಣ್ಣದ ಮನೆಗಳಲ್ಲಿ ಆಡಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ.

ಒಂದು ಎಚ್ಚರಿಕೆ: ಚಿಕ್ಕ ಮಕ್ಕಳು ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ದೊಡ್ಡವರು ಪಕ್ಕದಲ್ಲೇ ಕೂತು ಆಡಿಸಿ, ಮುಗಿದ ಮೇಲೆ ಎತ್ತಿಡಿ.

ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ, ಮಗು ಗೊಂದಲಪಡುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಹತ್ತರವರೆಗೆ ಮನೆಮಾತಿನಲ್ಲೇ ಆಡಿಸಿ. ಪಾಂಚ್ ಅಂದರೂ ಐದು ಅಂದರೂ ಬೀಜಗಳು ಅಷ್ಟೇ. ಹತ್ತು ದಾಟಿದ ಮೇಲೆ ಕನ್ನಡದ ಹೆಸರು ಸಹಾಯಕ್ಕೆ ಬರುತ್ತದೆ. "ಇಪ್ಪತ್ತೊಂದು" ಎಂಬ ಪದದಲ್ಲಿ ಇಪ್ಪತ್ತೂ ಒಂದೂ ಕಿವಿಗೆ ಕೇಳುತ್ತವೆ, "ಇಕ್ಕೀಸ್"ನಲ್ಲಿ ಅಷ್ಟು ಸುಲಭವಾಗಿ ಕೇಳುವುದಿಲ್ಲ. ಎರಡೂ ಭಾಷೆ ಇರುವುದು ಮಗುವಿನ ಆಸ್ತಿ.

ದಾನಿಗಳಲ್ಲಿ ಒಂದು ಮಾತು. ನಿಮ್ಮ ನೆರವಿನಿಂದ ಹೈಸ್ಕೂಲು, ಕಾಲೇಜಿನ ಶುಲ್ಕ ಕಟ್ಟಬಹುದು. ಆದರೆ ಗಣಿತಕ್ಕೆ ಹೆದರಿ ಓದು ಬಿಡುವ ಮಗುವಿನ ಹೆದರಿಕೆ ಬಹಳ ಮೊದಲೇ ಶುರುವಾಗಿರುತ್ತದೆ. ತಾಯಂದಿರನ್ನು ಕೂರಿಸಿ ಈ ಆಟಗಳನ್ನು ತೋರಿಸಲು ಒಂದು ಚಾಪೆ, ಒಂದು ಹಿಡಿ ಬೀಜ, ಒಂದು ಮಧ್ಯಾಹ್ನ ಸಾಕು. ಪೋಷಕರೇ, ಇಂದು ರಾತ್ರಿ ಊಟಕ್ಕೆ ತಟ್ಟೆ ಇಡುವ ಕೆಲಸವನ್ನು ಮನೆಯ ಕಿರಿಯರಿಗೆ ಒಪ್ಪಿಸಿ.